ಗುವಾರಿಪಾ ಗಣಿಗೆ ನೇರ ದಾರಿ

ಹೊಳೆ ತುಂಬಿತೆಂದರೆ ಆಚೆಯವರು ಆಚೆಗೆ, ಈಚೆಯವರು ಈಚೆಗೆ. ಆಗಸ್ಟ್ ತಿಂಗಳಲ್ಲಿ ಬೆಟ್ಟದ ಮೇಲೆ ಮಳೆ ಹಿಡಿದುಕೊಂಡರೆ ಆರೋಸ್ ಹೊಳೆ ಕೆಂಪಾಗಿ, ಮರದ ಬೊಡ್ಡೆಗಳನ್ನೆಲ್ಲ ಉರುಳಿಸಿಕೊಂಡು ಬರುತ್ತದೆ. ದಾಟುವ ಜಾಗದಲ್ಲಿ ಹೇಸರಗತ್ತೆಗಳು ಕಿವಿ ಇಳಿಬಿಟ್ಟು ನಿಲ್ಲುತ್ತವೆ, ಅವುಗಳ ಯಜಮಾನರು ಒಬ್ಬೊಬ್ಬರಾಗಿ ಹಿಲಾರಿಯಾಳ ಊಟದ ಮನೆಗೆ ತಲೆ ಬಗ್ಗಿಸಿ ನುಗ್ಗುತ್ತಾರೆ. ನೀರು ಇಳಿಯುವ ತನಕ ಮಾಡುವುದಾದರೂ ಏನು? ಬಿಸಿ ರೊಟ್ಟಿ ತಿನ್ನುವುದು, ಕತ್ತಾಳೆ ಸಾರಾಯಿ ಗುಟುಕರಿಸುವುದು, ಗುವಾರಿಪಾ ಗಣಿಯ ಮಾತಾಡುವುದು.

ಆ ಬೆಳ್ಳಿ ಗಣಿಯನ್ನು ಕಂಡವರು ಯಾರೂ ಇಲ್ಲ, ಅದರ ದಾರಿ ಗೊತ್ತಿಲ್ಲ ಎನ್ನುವವರೂ ಯಾರೂ ಇಲ್ಲ. ಹಿಂದೆ ಸ್ಪೇನ್ ದೊರೆಯ ಕಾಲದಲ್ಲಿ ದಂಗೆ ಎದ್ದಾಗ ಗಣಿಯ ಯಜಮಾನರು ಅದರ ಬಾಯಿ ಮುಚ್ಚಿಸಿ ಓಡಿಹೋದರಂತೆ, ಮತ್ತೆ ಬರಲಿಲ್ಲವಂತೆ. ಹುಡುಕುವವರಲ್ಲಿ ಒಂದು ಪದ್ಧತಿ ಇದೆ. ಕೇಳಿದವರಿಗೆಲ್ಲ ದಾರಿ ಹೇಳಬೇಕು, ಬಾಯಿ ಬಿಡದವನು ಜಿಪುಣ ಅನ್ನಿಸಿಕೊಳ್ಳುತ್ತಾನೆ. ಆದರೆ ಹೇಳುವಾಗ ಗುರುತುಗಳಲ್ಲಿ ಒಂದನ್ನು ಮಾತ್ರ ಬದಲಿಸಿಬಿಡಬೇಕು. ಅತ್ತಿಮರ ಇದ್ದಲ್ಲಿ ಪೈನ್ ಮರ ಎನ್ನಬೇಕು, ಎಡ ಇದ್ದಲ್ಲಿ ಬಲ. ಇದು ಎಲ್ಲರಿಗೂ ಗೊತ್ತು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬದುಕಿರುವ ಮನುಷ್ಯ ತನಗೆಂದು ಒಂದು ತುತ್ತು ಎತ್ತಿಟ್ಟುಕೊಳ್ಳದೆ ಇರುತ್ತಾನೆಯೆ?

ಹಿಲಾರಿಯಾ ಈ ಸುಳ್ಳುಗಳನ್ನು ವರ್ಷಗಟ್ಟಲೆ ಕೇಳಿದವಳು. ರೊಟ್ಟಿ ತಟ್ಟುತ್ತಲೇ, ಕಾಳಿನಲ್ಲಿ ಕಲ್ಲು ಆರಿಸಿದ ಹಾಗೆ, ಯಾರದು ಯಾವ ಸುಳ್ಳು ಎಂದು ಆರಿಸಿಬಿಡುತ್ತಿದ್ದಳು. ಬೆಳ್ಳಿಯ ಆಸೆ ಅವಳಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತನ್ನ ಗಂಡ ಉಬಾಲ್ದೋ ಸತ್ತಿದ್ದಾನೋ ಬದುಕಿದ್ದಾನೋ ಎನ್ನುವುದೊಂದೇ. ಮದುವೆಯ ಹೊಸತರಲ್ಲೇ ಅವನು ಬುತ್ತಿ ಕಟ್ಟಿಸಿಕೊಂಡು ಗಣಿಯ ದಾರಿ ಹಿಡಿದಿದ್ದ, ಮಳೆ ನಿಲ್ಲುವುದರೊಳಗೆ ಬರುತ್ತೇನೆಂದಿದ್ದ. ಎಷ್ಟೋ ಮಳೆಗಳು ಬಂದು ನಿಂತವು, ಅವನು ಬರಲಿಲ್ಲ. ಉತ್ತರದಲ್ಲಿ ರೈಲು ದಾರಿಯ ಕೆಲಸದಲ್ಲಿ ಅವನನ್ನು ನೋಡಿದೆ ಎಂದು ಒಬ್ಬ ಹೇಳಿದ. ಕಂದರದಲ್ಲಿ ಅವನ ಟೋಪಿ ನೋಡಿದೆ ಎಂದು ಇನ್ನೊಬ್ಬ ಹೇಳಿದ.

ನವೆಂಬರ್ ಬಂತೆಂದರೆ ಅವಳ ಪಾಡು ಯಾರಿಗೂ ಬೇಡ. ಸತ್ತವರ ಹಬ್ಬಕ್ಕೆ ಮನೆಮನೆಯಲ್ಲೂ ದೀಪ ಹಚ್ಚಿ, ಚೆಂಡು ಹೂವಿನ ಎಸಳು ಚೆಲ್ಲಿ ದಾರಿ ಮಾಡಿ, ಹೋದವರಿಗೆ ಇಷ್ಟವಾದದ್ದನ್ನು ಅಟ್ಟು ಎಡೆ ಇಡುತ್ತಾರೆ. ಹೆಸರು ಹಿಡಿದು ಕರೆದರೆ ಅವರು ಬಂದು ಉಣ್ಣುತ್ತಾರೆ. ಅವರು ಉಂಡ ಊಟ ಒಂದು ಅಗುಳೂ ಕಡಿಮೆಯಾಗುವುದಿಲ್ಲ, ರುಚಿ ಮಾತ್ರ ಹೋಗಿರುತ್ತದೆ. ಆದರೆ ಬದುಕಿದ್ದವನಿಗೆ ಎಡೆ ಇಟ್ಟರೆ ಅವನ ಸಾವನ್ನು ಕೈಯಾರೆ ಕರೆದಂತೆ, ಸತ್ತವನಿಗೆ ಇಡದೆ ಹೋದರೆ ಅವನನ್ನು ಹಸಿವಿನಲ್ಲಿ ಕೂರಿಸಿದಂತೆ. ಹಿಲಾರಿಯಾ ಅಪ್ಪನ ಹೆಸರು ಕರೆಯುತ್ತಾಳೆ, ಅವ್ವನ ಹೆಸರು ಕರೆಯುತ್ತಾಳೆ, ಮೂರನೆಯ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಅವಳೇ ಒಮ್ಮೆ ಬೆಟ್ಟ ಹತ್ತಿ ನೋಡಿ ಬರಬಹುದಿತ್ತು. ಹತ್ತಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂದು ಅವಳಿಗೆ ಹೆದರಿಕೆ.

ಆ ಸಂಜೆಯೂ ಮಳೆ ಸುರಿಯುತ್ತಿತ್ತು. ಒಲೆಯ ಸುತ್ತ ಗಣಿ ಹುಡುಕುವ ಇಬ್ಬರು ಹಳಬರಿದ್ದರು. ದಪ್ಪ ಮೀಸೆಯ, ದೊಡ್ಡ ಬಾಯಿಯ ಮಾಸೆದೋನಿಯೋ ಒಬ್ಬ. ಅವನ ಜೊತೆಗೇ ತಿರುಗುತ್ತ ಅವನನ್ನು ಚೂರೂ ನಂಬದ ಪೊನ್ಸಿಯಾನೋ ಇನ್ನೊಬ್ಬ. ಹೇಸರಗತ್ತೆ ಹೊಡೆಯುವವರು ಕೆಲವರು ಕಂಬಳಿ ಹೊದ್ದು ಗೋಡೆಗೆ ಒರಗಿದ್ದರು. ಮಾಸೆದೋನಿಯೋ ದಾರಿ ಹೇಳಿ ಮುಗಿಸಿದ್ದ. ಈ ಸಲ ಅದರಲ್ಲಿ ಅತ್ತಿಮರದ ಜಾಗಕ್ಕೆ ಪೈನ್ ಮರ ಬಂದಿತ್ತು.

"ಹೋದ ವರ್ಷ ಅದು ಓಕ್ ಮರ ಆಗಿತ್ತಲ್ಲೋ," ಎಂದ ಪೊನ್ಸಿಯಾನೋ. "ನಿನ್ನ ಬಾಯಲ್ಲಿ ಕಾಡು ಬೇಗ ಬೆಳೆಯುತ್ತೆ ಬಿಡು."

"ಎಡಗೈ ಯಾವ್ದು ಬಲಗೈ ಯಾವ್ದು ಅಂತ ಗೊತ್ತಿಲ್ದೋನು ಮಾತಾಡ್ತಾನೆ ನೋಡು. ಹಿಲಾರಿಯಕ್ಕಾ, ಇವನಿಗೆ ರೊಟ್ಟಿ ಕೈಗೆ ಕೊಡಬೇಡ, ಬಾಯಿಗೇ ಇಡು. ದಾರಿ ತಪ್ಪಿಸ್ಬಿಡ್ತಾನೆ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ, ಹೊಗೆ ಹೋಗುವ ಕಡೆಯಿಂದ ಒಬ್ಬ ಮುದುಕ ಮಾತಾಡಿದ. ಆ ಕಡೆ ಕಣ್ಣು ಉರಿಯುತ್ತದೆಂದು ಯಾರೂ ಕೂರುವುದಿಲ್ಲ. ಅವನು ಯಾವಾಗ ಬಂದನೆಂದು ಯಾರೂ ಯೋಚಿಸಲಿಲ್ಲ. ಹೇಸರಗತ್ತೆಯವರ ಕಡೆಯವನಿರಬೇಕು ಎಂದು ಹುಡುಕುವವರು, ಹುಡುಕುವವರ ಕಡೆಯವನಿರಬೇಕು ಎಂದು ಹೇಸರಗತ್ತೆಯವರು ಸುಮ್ಮನಿದ್ದರು. ಹಿಲಾರಿಯಾ ಎಲ್ಲರಿಗೂ ಕೊಟ್ಟಂತೆ ಅವನ ಮುಂದೆಯೂ ಒಂದು ಬಟ್ಟಲು ಕಾಳಿನ ಸಾರು, ರೊಟ್ಟಿ ಇಟ್ಟಿದ್ದಳು.

"ದಾರಿ ನಾನು ಹೇಳ್ತೀನಿ ಕೇಳ್ರಪ್ಪಾ," ಎಂದ ಮುದುಕ. ನಿದ್ದೆಯಲ್ಲಿ ಮಾತಾಡುವವನ ದನಿಯಷ್ಟು ಮೆತ್ತಗಿತ್ತು ಅವನ ದನಿ. "ಈ ಹೊಳೆ ದಂಡೆ ಹಿಡ್ಕೊಂಡು ಮೇಲಕ್ಕೆ ಹೋಗ್ತಾ ಹೋಗ್ತಾ, ಬಂಡೆ ಸೀಳ್ಕೊಂಡು ಬೆಳೆದಿರೋ ಒಂದು ಅತ್ತಿಮರ ಸಿಗುತ್ತೆ... ಬೇರೆಲ್ಲ ಬೆಳ್ಳಗೆ, ಕರಗಿದ ಮೇಣದ ಥರ ಬಂಡೆ ಮೇಲೆ ಇಳಿದಿರುತ್ತೆ. ಅಲ್ಲಿ ಹೊಳೆ ಬಿಟ್ಟು ಎಡಕ್ಕೆ ತಿರುಗಿ. ಕಣಿವೆ ಒಳಗೆ ಬಿಸಿನೀರಿನ ಬುಗ್ಗೆ ಇದೆ, ಬೆಳಗಿನ ಹೊತ್ತು ಹೊಗೆ ಏಳ್ತಿರುತ್ತೆ, ಜಿಂಕೆ ಬಂದು ನಿಂತಿರ್ತವೆ, ಮನುಷ್ಯರನ್ನ ಕಂಡ್ರೆ ಓಡಲ್ಲ... ಅದರ ಮೇಲಿನ ದಿಣ್ಣೆ ಹತ್ತಿ ಸುಮ್ನೆ ನಿಂತ್ಕೊಳ್ಳಿ. ನಾಯಿ ಬೊಗಳೋದು ಕೇಳುತ್ತೆ. ಸುತ್ತ ಎಲ್ಲೂ ಊರಿಲ್ಲ, ಒಂದು ಗುಡಿಸಲೂ ಇಲ್ಲ... ಮತ್ತೆ ನಾಯಿ ಎಲ್ಲಿಂದ ಬಂತು? ಅದೊಂದು ಮಾತ್ರ ಕೇಳ್ಬೇಡಿ. ಆ ಸದ್ದು ಎಲ್ಲಿ ನಿಮ್ಮ ಕಾಲ ಕೆಳಗಿಂದ ಬರುತ್ತೋ, ಅಲ್ಲೇ ಬಾಗಿಲು."

ಹಿಲಾರಿಯಾಳ ಕೈ ಹಿಟ್ಟಿನ ಮೇಲೆ ಹಾಗೆಯೇ ನಿಂತಿತು. ಸುಳ್ಳು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಅವಳು ಕಾದಿದ್ದಳು. ಅತ್ತಿಮರ ಸರಿ, ಎಡ ಸರಿ, ಬುಗ್ಗೆ ಸರಿ. ಕೊನೆಯ ಗುರುತನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು, ಯಾರಿಗೂ ಅದು ಗೊತ್ತಿರಲಿಲ್ಲ. ಈ ಮುದುಕ ಅದನ್ನೂ ಹೇಳಿದ್ದ. ಇಷ್ಟು ವರ್ಷಗಳಲ್ಲಿ ಯಾವನೂ ಹೀಗೆ ಎಲ್ಲವನ್ನೂ ನೇರವಾಗಿ ಹೇಳಿದ್ದನ್ನು ಅವಳು ಕೇಳಿರಲಿಲ್ಲ.

"ಬಾಗಿಲು ಮುಚ್ಚಿದಾಗ ಒಳಗೆ ಜನ ಇದ್ರು ಕಣ್ರಪ್ಪಾ," ಮುದುಕ ಮುಂದುವರಿಸಿದ. "ಅದನ್ನ ಯಾರೂ ಹೇಳಲ್ಲ. ಮೇಲೆ ಕಲ್ಲು ಉರುಳಿದ ಸದ್ದು ಕೇಳಿ ಗುಡುಗು ಅಂದ್ಕೊಂಡ್ರು. ಪಾಪ, ಇನ್ನೇನು ಅಂದ್ಕೋತಾರೆ? ಮೇಣದ ಬತ್ತಿ ಮುಗಿಯೋ ತನಕ ಬೆಳ್ಳಿ ಕಡಿದ್ರು, ಮುಗಿದ ಮೇಲೂ ಕಡಿದ್ರು... ಆಮೇಲೆ ಒಬ್ಬನಿಗೆ ಹೊಳೀತು, ಬತ್ತಿ ಇಲ್ದೇನೇ ಕಾಣ್ತಿದೆಯಲ್ಲಾ ಅಂತ. ಎಲ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು, ಅಷ್ಟೆ. ಯಾರೂ ಅಳಲಿಲ್ಲ. ನಿಧಾನಕ್ಕೆ ಹುಡುಕೋರು ಬರೋಕೆ ಶುರುವಾದ್ರು. ಮಳೆ ಕೊರೆದ ಒಂದು ಸಂದಿದೆ, ಮನುಷ್ಯ ತೂರೋವಷ್ಟು. ಬಂದೋರು ಹೊರಗೆ ಹೋಗೋ ಮಾತೇ ಎತ್ತಲ್ಲ... ಯಾಕೆ ಎತ್ತಬೇಕು? ಗೋಡೆ ತುಂಬ ಬೆಳದಿಂಗಳು ಹೆಪ್ಪುಗಟ್ಟಿದ ಹಾಗಿರುತ್ತೆ. ನೋಡ್ತಾ ಕೂತ್ರೆ ಬುತ್ತಿ ಖಾಲಿಯಾಗಿದ್ದು ಗೊತ್ತಾಗಲ್ಲ, ಉಸಿರು ನಿಂತಿದ್ದೂ ಗೊತ್ತಾಗಲ್ಲ. ಒಳಗಿರೋರು ಜಾಗ ಬಿಡ್ತಾರೆ, ಒಂದೇ ಮಾತು ಕೇಳ್ತಾರೆ. ನಿನ್ನ ಮನೇಲಿ ಯಾರಿದ್ದಾರಪ್ಪಾ? ಯಾಕೆ ಅಂದ್ರೆ, ನವೆಂಬರಲ್ಲಿ ಹೆಸರು ಕೂಗೋರು ಬೇಕಲ್ಲ. ಕೂಗಿದ್ರೆ ತಾನೆ ಇಳಿದು ಹೋಗಿ ಒಂದು ತುತ್ತು ಉಂಡು ಬರೋದು?"

ಬೆಳ್ಳಿ ಗಟ್ಟಿಯಾಗಿದೆಯೋ ಕಲ್ಲಿನಲ್ಲಿ ಬೆರೆತಿದೆಯೋ ಎಂದು ಮಾಸೆದೋನಿಯೋ ಕೇಳಿದ. ಮುದುಕ ಹೊಗೆಯ ಒಳಗಿನಿಂದ ಹಿಲಾರಿಯಾಳ ಕಡೆಗೆ ತಿರುಗಿದ.

"ಒಬ್ಬ ಹುಡುಗ ಬಂದ, ಬಹಳ ವರ್ಷ ಆಯ್ತು. ಬುತ್ತಿ ಕಟ್ಟಿದ್ದ ಬಟ್ಟೆ ಇನ್ನೂ ಮಡಿಲಲ್ಲೇ ಇದೆ. ಅದರ ಮೂಲೇಲಿ ನೀಲಿ ದಾರದಲ್ಲಿ ಕಸೂತಿ ಹಾಕಿದ ಒಂದು ಕೋಳಿ..."

"ಕೋಳಿ ಅಲ್ಲ, ಪಾರಿವಾಳ ಅದು," ಎಂದಳು ಹಿಲಾರಿಯಾ. ಹೇಳಬೇಕೆಂದು ಹೇಳಿದ್ದಲ್ಲ. ಮದುವೆಯ ಮುಂಚೆ ಅವಳೇ ಕೂತು ಹಾಕಿದ ಹಕ್ಕಿ, ಅದನ್ನು ಕೋಳಿ ಎಂದು ಒಬ್ಬನೇ ಒಬ್ಬ ಗೋಳುಹೊಯ್ದುಕೊಳ್ಳುತ್ತಿದ್ದ.

"ಅವನು ಕೋಳಿ ಅಂತಲೇ ಸಾಧಿಸ್ತಾನೆ ಮಗಳೇ. ಹೇಳಿ ಹೇಳಿ ನಗ್ತಾನೆ."

ಹಿಲಾರಿಯಾ ಒಲೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳಿಗೆ ಮಳೆಯ ಸದ್ದು ಎಲ್ಲೋ ದೂರ ಹೋದಂತಾಯಿತು.

"ನವೆಂಬರಲ್ಲಿ ಎಲ್ರೂ ಇಳಿದು ಹೋಗ್ತಾರೆ," ಎಂದ ಮುದುಕ. "ಇವನೊಬ್ಬ ಕೂತಿರ್ತಾನೆ. ನಿನಗೆ ಯಾರೂ ಇಲ್ವೇನೋ ಅಂದ್ರೆ, ಇದ್ದಾಳೆ, ಆದ್ರೆ ಅವಳ ಪಾಲಿಗೆ ನಾನಿನ್ನೂ ಬದುಕಿದ್ದೀನಿ ಅಂತಾನೆ... ಅದನ್ನೂ ಹೆಮ್ಮೆಯಿಂದ್ಲೇ ಹೇಳ್ತಾನೆ. ಆದ್ರೂ ಹಸಿವು ಹಸಿವೇ ತಾನೆ? ಮಳೆಗಾಲದಲ್ಲಿ ಗಣಿಗೆ ನೀರು ನುಗ್ಗುತ್ತೆ. ಒಳಗಿರೋರು ಎಲ್ಲಿಗೆ ಹೋಗ್ಬೇಕು? ಬೆಂಕಿ ಕಂಡ ಕಡೆ ಇಳಿದು ಬಂದು ಕೂರ್ತಾರೆ. ಇವನನ್ನ ಬಾರೋ ಅಂದ್ರೆ ಬರಲ್ಲ. ನಾನು ಹೋದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ ಅಂತ, ಕುತ್ತಿಗೆ ಮಟ್ಟ ನೀರಲ್ಲಿ ಹಾಗೇ ಕೂತಿರ್ತಾನೆ."

ಮಾಸೆದೋನಿಯೋ ತೊಡೆ ತಟ್ಟಿದ. "ಕತೆ ಚೆನ್ನಾಗಿ ಕಟ್ಟಿದ್ದೀಯ ಅಜ್ಜಾ. ಈಗ ಹೇಳು, ಸುಳ್ಳು ಎಲ್ಲಿಟ್ಟೆ? ಅತ್ತಿಮರದಲ್ಲೋ, ಎಡದಲ್ಲೋ?"

"ಸುಳ್ಳು ಬೇಕಾಗೋದು ವಾಪಸ್ ಹೋಗೋಕೆ ಮನೆ ಇರೋರಿಗೆ ಕಣಪ್ಪಾ... ನಂಗ್ಯಾಕೆ? ನೀವು ಮಳೆ ಬಂದಾಗಲೆಲ್ಲ ಹೀಗೆ ಒಲೆ ಸುತ್ತ ಕೂರ್ತೀರಲ್ಲ, ಪಕ್ಕದಲ್ಲಿ ಕೂತಿರೋನು ಯಾರು ಅಂತ ಯಾವತ್ತಾದ್ರೂ ಕೇಳಿದ್ದೀರಾ?"

ಗೋಡೆಗೆ ಒರಗಿದ್ದ ಒಬ್ಬ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡ. ಹುಡುಕುವವರಿಬ್ಬರು ಮಾತ್ರ ಆಗಲೇ ಜಗಳಕ್ಕೆ ಬಿದ್ದಿದ್ದರು. ಮುದುಕ ಪಕ್ಕಾ ಆಸಾಮಿ, ಎಡ ಎಂದು ಒತ್ತಿ ಹೇಳಿದ್ದರಿಂದ ಅದು ಬಲವೇ ಎಂದು ಪೊನ್ಸಿಯಾನೋ. ನಾಯಿಯ ಮಾತೇ ದೊಡ್ಡ ಸುಳ್ಳು, ಉಳಿದದ್ದೆಲ್ಲ ನಿಜ ಎಂದು ಮಾಸೆದೋನಿಯೋ. ಜನ್ಮವೆಲ್ಲ ಹುಡುಕಿದ ದಾರಿಯನ್ನು ಯಾರೋ ಕೈಗೆ ಕೊಟ್ಟರೆ, ಅದನ್ನು ತಿದ್ದದೆ ಇಟ್ಟುಕೊಳ್ಳುವುದು ಅವರಿಂದ ಆಗಲಿಲ್ಲ.

ಹಿಲಾರಿಯಾ ಎದ್ದು ನೋಡಿದಾಗ ಹೊಗೆಯ ಕಡೆ ಯಾರೂ ಇರಲಿಲ್ಲ. ಬಟ್ಟಲು ಇಟ್ಟಲ್ಲೇ ಇತ್ತು, ಸಾರು ತುಂಬಿದಂತೆಯೇ ಇತ್ತು. ಅವಳು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಉಪ್ಪಿಲ್ಲ, ಖಾರವಿಲ್ಲ. ಒಲೆಯ ಮೇಲಿನ ಗಡಿಗೆಯಲ್ಲಿ ಅದೇ ಸಾರು, ಉಪ್ಪೂ ಸರಿಯಾಗಿತ್ತು, ಮೆಣಸಿನಕಾಯಿಯೂ ಚುರುಗುಟ್ಟುತ್ತಿತ್ತು.

ಆಗಸ್ಟ್‌ನಲ್ಲಿ ಚೆಂಡು ಹೂವು ಎಲ್ಲಿಂದ ಬರಬೇಕು? ಅವಳು ಮಳೆಯಲ್ಲೇ ಹಿತ್ತಿಲಿಗೆ ಹೋಗಿ ಕುಂಬಳದ ಹೂವು ಕಿತ್ತು ತಂದಳು. ಅವನ್ನು ಹರಿದು ಹೊಸಿಲಿನಿಂದ ಮೇಜಿನ ತನಕ ಚೆಲ್ಲಿದಳು. ಅಕ್ಕನಿಗೆ ಏನಾಯಿತೆಂದು ಗಂಡಸರು ಮಾತು ನಿಲ್ಲಿಸಿ ನೋಡಿದರು. ದೀಪ ಹಚ್ಚಿ, ಉಬಾಲ್ದೋಗೆ ಇಷ್ಟವಾದ ಗಟ್ಟಿ ಸಾರು, ದಾಲ್ಚಿನ್ನಿ ಹಾಕಿದ ಕಾಫಿ ಇಟ್ಟು, ಅವಳು ಬಾಗಿಲಲ್ಲಿ ನಿಂತು ಹೊಳೆಯ ಕಡೆಗೆ ಅವನ ಹೆಸರು ಕೂಗಿದಳು. ಇಷ್ಟು ವರ್ಷ ಹಿಡಿದಿಟ್ಟುಕೊಂಡ ಹೆಸರು ಅದು, ಕೂಗಿದ ಕೂಡಲೇ ಅವಳಿಗೆ ಅಳು ಬಂತು.

"ಬಾ ಮಾರಾಯಾ," ಎಂದಳು ಆಮೇಲೆ, ಮೆಲ್ಲಗೆ. "ನಂಗೆ ಗೊತ್ತಾಯ್ತು. ಬಂದು ಊಟ ಮಾಡು."

ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಅವಳು ಎಡೆಯ ಮುಂದೆ ಕೂತಳು. ಸಾರು ಅಷ್ಟೂ ಇತ್ತು, ಕಾಫಿ ಅಂಚಿನ ತನಕ ಇತ್ತು. ಒಂದು ತುತ್ತು ಬಾಯಿಗಿಟ್ಟಳು, ಮಣ್ಣಿನಷ್ಟೂ ರುಚಿಯಿರಲಿಲ್ಲ. ಕಾಫಿಯಲ್ಲಿ ದಾಲ್ಚಿನ್ನಿಯ ವಾಸನೆ ಕೂಡ ಉಳಿದಿರಲಿಲ್ಲ. ಅವನು ಮೊದಲಿನಿಂದಲೂ ಹಾಗೇ, ಗಬಗಬ ತಿನ್ನುವವನು. ಹಿಲಾರಿಯಾ ಅಳುತ್ತ, ನಡುವೆ ನಗುತ್ತ, ಅದನ್ನು ಚೂರೂ ಬಿಡದೆ ಉಂಡಳು.

ನೀರು ಇಳಿಯಿತು, ಜನ ಚದುರಿದರು. ಪೊನ್ಸಿಯಾನೋ ಬಲಕ್ಕೆ ತಿರುಗಿ ಅಲೆದು, ಕೈಕಾಲು ತರಚಿಕೊಂಡು ಬಂದು, ಇನ್ನು ಗಣಿಯ ಸಹವಾಸ ಸಾಕೆಂದು ರೈಲು ದಾರಿಯ ಕೆಲಸಕ್ಕೆ ಸೇರಿದ. ಮಾಸೆದೋನಿಯೋ ಒಬ್ಬನೇ ಮತ್ತೆ ಮತ್ತೆ ಬೆಟ್ಟ ಹತ್ತಿದ, ಒಂದೊಂದು ಸಲ ಒಂದೊಂದು ಗುರುತನ್ನು ತಿದ್ದಿಕೊಂಡು. ಬೇಸಿಗೆಯಲ್ಲಿ ಹೋದವನು ಇಳಿದು ಬಂದದ್ದನ್ನು ಯಾರೂ ನೋಡಲಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಕೆಂಪಾಯಿತು, ಊಟದ ಮನೆ ಮತ್ತೆ ತುಂಬಿತು. ಹಿಲಾರಿಯಾ ರೊಟ್ಟಿ ತಟ್ಟುತ್ತಿದ್ದಾಗ ಹೊಗೆ ಹೋಗುವ ಕಡೆಯಿಂದ ಒಂದು ದೊಡ್ಡ ಬಾಯಿ, ಈಗ ಬಹಳ ಮೆತ್ತಗಾಗಿ, ದಾರಿ ಹೇಳತೊಡಗಿತು. ದಪ್ಪ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಸಬರು ಬಾಯಿ ತೆರೆದು ಕೇಳುತ್ತಿದ್ದರು. ಹೊಳೆ ದಂಡೆ ಹಿಡ್ಕೊಂಡು ಹೋದ್ರೆ, ಎಂದು ಹೇಳುತ್ತಿದ್ದ ಮಾಸೆದೋನಿಯೋ, ಬಂಡೆ ಸೀಳ್ಕೊಂಡು ಬೆಳೆದ ಒಂದು ಅತ್ತಿಮರ... ಅಲ್ಲಿಂದ ಎಡಕ್ಕೆ... ಆಮೇಲೆ ಬುಗ್ಗೆ... ಆಮೇಲೆ ಸುಮ್ನೆ ನಿಂತ್ಕೊಂಡ್ರೆ, ಕಾಲ ಕೆಳಗೆ ನಾಯಿ.

ಹಿಲಾರಿಯಾ ಕೊನೆಯ ತನಕ ಕಾದಳು. ಪೈನ್ ಮರ ಬರಲೇ ಇಲ್ಲ. ಅವಳು ಬಟ್ಟಲು ತುಂಬಿ ಸಾರು ಬಗ್ಗಿಸಿ, ಅವನ ಮುಂದೆ ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಮಾಸೆದೋನಿಯೋ," ಎಂದಳು, "ನಿನ್ನ ಮನೇಲಿ ಯಾರಿದ್ದಾರಪ್ಪಾ?"

ಅವನು ಮೀಸೆಯ ನೀರು ಒರೆಸಿಕೊಂಡ.

"ಯಾರೂ ಇಲ್ಲಕ್ಕಾ."

"ಹಾಗಾದ್ರೆ ನವೆಂಬರಿಗೆ ಇಲ್ಲಿಗೇ ಬಾ," ಎಂದಳು ಹಿಲಾರಿಯಾ. ಅವನ ಹಿಂದೆ, ಹೊಗೆಯಲ್ಲಿ, ಇನ್ನೂ ಕೆಲವರು ಸದ್ದಿಲ್ಲದೆ ಜಾಗ ಮಾಡಿಕೊಂಡು ಕೂರುತ್ತಿದ್ದರು. ಅವಳು ಎದ್ದು ಹೋಗಿ ಬಟ್ಟಲುಗಳನ್ನು ತಂದಳು.