ಈ ವಾರ ಏನು ಕೆಟ್ಟಿತು?

ಅಧ್ಯಕ್ಷ ಪೀಠದಲ್ಲಿರುವ ಶ್ರೀ ಮಹಾಲಿಂಗಪ್ಪನವರೇ, ನನ್ನನ್ನು ಬಿಡದೆ ಹಿಡಿದು ತಂದು ಇಲ್ಲಿ ಕೂರಿಸಿದ ಕನ್ನಡ ಸಂಘದ ಕಾರ್ಯದರ್ಶಿ ಸಿದ್ಧಲಿಂಗೇಶ್ ಅವರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿರುವ ಕಿರಿಯರೇ, ನನ್ನ ಮಾತು ಮುಗಿಯುವುದಕ್ಕೂ ಸಾರು ಆರುವುದಕ್ಕೂ ನಂಟಿದೆಯೆಂದು ಊಟದ ಮನೆಯ ಬಾಗಿಲಲ್ಲೇ ನಿಂತಿರುವ ಹೋಟೆಲಿನ ವಿಷ್ಣುಮೂರ್ತಿಯವರೇ, ಮತ್ತು ಎಲ್ಲ ಸಭಿಕರೇ,

ಸನ್ಮಾನ ಪತ್ರವನ್ನು ಬಹಳ ಚೆನ್ನಾಗಿ ಓದಿದಿರಿ. ‘ಡಾಕ್ಟರ್ ಬೃಂದಾ ಅವರು ಚೆನ್ನೈಯ ತಾಂಬರಂನಲ್ಲಿ ಜೀವಕೋಶ ವಿಜ್ಞಾನವನ್ನು ಕಲಿಸಿದರು, ಪ್ರತಿ ಶನಿವಾರ ಮಾತುಕತೆಗಳನ್ನು ನಡೆಸಿ ಒಂದು ವೈಜ್ಞಾನಿಕ ಸಮುದಾಯವನ್ನೇ ಕಟ್ಟಿದರು’ ಎಂದು ಅದರಲ್ಲಿದೆ. ಕೇಳುತ್ತಾ ನನಗೇ ಆ ಹೆಂಗಸನ್ನು ಒಮ್ಮೆ ನೋಡಬೇಕೆನ್ನಿಸಿತು. ಆದರೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನೀವು ಒದೆಯುವವರಲ್ಲ ಎಂಬ ನಂಬಿಕೆಯಿಂದ ಹೇಳುತ್ತೇನೆ. ಸಮುದಾಯ ಕಟ್ಟಿದ್ದು ನಾನಲ್ಲ. ಆ ಸಮುದಾಯ ಈಗ ಇದೆಯೋ ಇಲ್ಲವೋ ಎಂಬುದೂ ನನಗೆ ತಿಳಿಯದು. ಶನಿವಾರದ ಮಾತುಕತೆ ಮುಂದುವರಿಯುತ್ತದೆಯೇ ಎಂದು ಸಿದ್ಧಲಿಂಗೇಶ್ ಫೋನಿನಲ್ಲಿ ಕೇಳಿದಾಗ ನಾನು ಹವಾಮಾನದ ಬಗ್ಗೆ ಮಾತನಾಡಿದೆ. ಇವತ್ತು ಶನಿವಾರವೇ ಆದ್ದರಿಂದ ತಪ್ಪಿಸಿಕೊಳ್ಳಲು ಆಗುತ್ತಿಲ್ಲ.

ಕಟ್ಟಿದವರ ಹೆಸರು ಪಂಢರಿನಾಥ. ಕ್ರೋಂಪೇಟೆಯ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಅವರ ತಾತ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಪೆರಂಬೂರಿಗೆ ಬಂದವರು. ಮೂರು ತಲೆಮಾರು ಕಳೆದರೂ ಮನೆಯ ಮಾತು ಧಾರವಾಡದ್ದೇ, ನಡುನಡುವೆ ತಮಿಳು. ನಾವು ಭೇಟಿಯಾದದ್ದು ಒಂದು ದೊಡ್ಡ ವಿಜ್ಞಾನ ಸಮ್ಮೇಳನದಲ್ಲಿ. ಅಲ್ಲಿ ಎಲ್ಲರೂ ತಮ್ಮ ತಮ್ಮ ಗೆಲುವನ್ನೇ ಹೇಳುತ್ತಿದ್ದರು. ಒಬ್ಬರ ಪ್ರಯೋಗವೂ ಕೆಟ್ಟಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ. ಆದರೆ ನನ್ನ ಹೆಗ್ಗಣ ಮಾತ್ರ ಏಕೆ ಸಾಯುತ್ತಿದೆ? ಚಹಾದ ಸಾಲಿನಲ್ಲಿ ಹಿಂದೆ ನಿಂತಿದ್ದವರು ಪರಿಚಯವೂ ಇಲ್ಲದೆ ಕೇಳಿದರು: “ಮೇಡಂ, ಖರೇ ಹೇಳ್ರಿ, ಈ ವಾರ ನಿಮ್ಮದು ಏನ ಕೆಟ್ಟದ?”

ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಹೇಳಿದೆ, ಅವರೂ ಹೇಳಿದರು. ಚಹಾ ಮುಗಿದದ್ದು ಗೊತ್ತಾಗಲಿಲ್ಲ.

ಮುಂದಿನ ಶನಿವಾರದಿಂದ ವಿಷ್ಣುಮೂರ್ತಿಯವರ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ನಾಲ್ಕು ಜನರ ಟೇಬಲ್ ನಮ್ಮದಾಯಿತು. ನಿಯಮ ಒಂದೇ. ಬಂದವರು ಮೊದಲು ಆ ವಾರ ಕೆಟ್ಟದ್ದನ್ನು ಹೇಳಬೇಕು. ಗೆದ್ದದ್ದನ್ನು ಬೇಕಾದರೆ ದೋಸೆ ಆದ ಮೇಲೆ ಹೇಳಬಹುದು. ಕೇಳಿದವರು ಅಯ್ಯೋ ಪಾಪ ಎನ್ನಬಾರದು, ನನಗೂ ಹಾಗೇ ಆಗಿತ್ತು ಎನ್ನಬಾರದು. ಪಂಢರಿನಾಥರು ಒಂದೇ ಮಾತು ಹೇಳುತ್ತಿದ್ದರು, ಅದೂ ತಮಿಳಿನಲ್ಲಿ. “ಅಪ್ಪುರಂ?” ಚೆನ್ನೈಯಲ್ಲಿರುವ ನಿಮಗೆ ಅರ್ಥ ಹೇಳಬೇಕೇ? ಆಮೇಲೆ? ಮುಂದೇನು? ಇಷ್ಟೇ. ಹೀಗೆ ಯಾರಾದರೂ ಕೇಳಿಬಿಟ್ಟರೆ ಉತ್ತರ ಕೊಡಲೇಬೇಕು ನೋಡಿ. ಉತ್ತರ ಕೊಡಲು ಬಾಯಿ ತೆರೆದಾಗಲೇ ಮುಂದಿನ ಪ್ರಯೋಗ ಏನೆಂದು ನಮಗೆ ಹೊಳೆಯುತ್ತಿತ್ತು.

ನಂದಿತಾ ಎಂಬ ವಿದ್ಯಾರ್ಥಿನಿ ಬಂದಳು. ಮೂರು ವರ್ಷ ಸಂಶೋಧನೆ ಮಾಡಿ ಏನೂ ಸಿಕ್ಕಿರಲಿಲ್ಲ, ಬಿಟ್ಟು ಹೋಗುತ್ತೇನೆ ಎಂದು ಅತ್ತಳು. ಅವಳ ಗೈಡ್ ಆದ ನಾನು ಅವಳಿಗೆ ಧೈರ್ಯ ಹೇಳಲು ದೊಡ್ಡ ಉಪನ್ಯಾಸವನ್ನೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಪಂಢರಿನಾಥರು ಅವಳ ಕಡೆಗೆ ಚಟ್ನಿ ಸರಿಸಿ “ಅಪ್ಪುರಂ?” ಎಂದರು. ಅವಳು ಮೂಗು ಒರೆಸಿಕೊಂಡು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ತನ್ನ ತಪ್ಪನ್ನು ತಾನೇ ಹಿಡಿದಳು. ಶಿಕ್ಷಣ ಎಂದರೆ ಏನೆಂದು ನಾನು ಅನೇಕ ಸಭೆಗಳಲ್ಲಿ ಮಾತನಾಡಿದ್ದೇನೆ. ನಾನು ನೋಡಿದ ಶಿಕ್ಷಣ ಅದು.

ಆಮೇಲೆ ಅವಳ ಗೆಳತಿಯರು ಬಂದರು, ಬೇರೆ ಕಾಲೇಜಿನವರು ಬಂದರು, ಟೇಬಲ್‌ಗೆ ಟೇಬಲ್ ಜೋಡಿಸಬೇಕಾಯಿತು. ಸಮುದಾಯ ಎಂದು ನೀವು ಬರೆದಿರುವುದು ಬಹುಶಃ ಆ ದಿನಗಳನ್ನು. ಓದು ಮುಗಿದಂತೆ ಒಬ್ಬೊಬ್ಬರೇ ಹೋದರು. ಹೋಗಲೇಬೇಕು, ಕಲಿಸಿದ್ದು ಅದಕ್ಕೇ. ಕೊರೋನಾ ಬಂದಾಗ ಮಾತುಕತೆ ಪರದೆಯ ಮೇಲೆ ನಡೆಯಿತು. ಎಲ್ಲರೂ ಮ್ಯೂಟ್ ಮಾಡಿಕೊಂಡು ಕೂತರು, ಕೆಲವರು ಹಾಗೆಯೇ ಉಳಿದುಬಿಟ್ಟರು. ಈಗಲೂ ನಮ್ಮ ವಾಟ್ಸಾಪ್ ಗುಂಪಿದೆ. ನಾನು ಏನು ಕೆಟ್ಟಿತೆಂದು ಬರೆದರೆ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಕೊನೆಗೆ ಕಿಟಕಿಯ ಪಕ್ಕದಲ್ಲಿ ಮೊದಲಿನಂತೆ ಇಬ್ಬರೇ ಉಳಿದೆವು. ನಿಜ ಹೇಳಬೇಕೆಂದರೆ, ನನಗೆ ಅದರಿಂದ ಬೇಸರವೇನೂ ಆಗಲಿಲ್ಲ.

ನಾನು ಏನನ್ನು ಸಂಶೋಧಿಸುತ್ತೇನೆ ಎಂದು ನೀವು ಕೇಳಲಿಲ್ಲ. ಆದರೂ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ದೇಹದಿಂದ ತೆಗೆದ ಜೀವಕೋಶಗಳನ್ನು ನಾವು ಬಟ್ಟಲಿನಲ್ಲಿ ಸಾಕುತ್ತೇವೆ. ಬೇಕಾದ ಆಹಾರವಿರುವ ಕೆಂಪು ನೀರು ಕೊಟ್ಟು, ಮೈಬಿಸಿಯಷ್ಟು ಬೆಚ್ಚಗೆ ಇಟ್ಟರೆ ಗುಂಪಿನಲ್ಲಿರುವ ಕೋಶಗಳು ಬೆಳೆಯುತ್ತವೆ. ಆದರೆ ಒಂದೇ ಒಂದು ಕೋಶವನ್ನು ತೆಗೆದು ಬೇರೆ ಬಟ್ಟಲಿಗೆ ಹಾಕಿ, ಅದೇ ನೀರು, ಅದೇ ಬಿಸಿ ಕೊಟ್ಟು ನೋಡಿ. ಹೆಚ್ಚಿನ ಸಲ ಅದು ಸಾಯುತ್ತದೆ. ಏಕೆ? ಇದೇ ನನ್ನ ಸಂಶೋಧನೆ. ಇದಕ್ಕೆ ನಾನು ಧನಸಹಾಯ ಕೇಳಿ ಅರ್ಜಿ ಬರೆಯುವಾಗ ಪಂಢರಿನಾಥರು ಓದಿ ನಕ್ಕಿದ್ದರು. “ಒಂಟಿ ಕೋಶ ಯಾಕ ಸಾಯ್ತದ ಅಂತ ತಿಳೀಲಿಕ್ಕೆ ಇಷ್ಟು ರೊಕ್ಕ ಯಾಕ ಬೇಕ್ರಿ ಮೇಡಂ? ತಾಂಬರಂ ಲೇಡೀಸ್ ಹಾಸ್ಟೆಲಿನ್ಯಾಗ ಕೇಳ್ರಿ, ಪುಕ್ಕಟೆ ಹೇಳ್ತಾರ.” ಆಗ ನಾನು ಇದ್ದದ್ದು ಅದೇ ಹಾಸ್ಟೆಲಿನಲ್ಲಿ. ನಾನೂ ನಕ್ಕೆ.

ಒಂಟಿ ಕೋಶವನ್ನು ಉಳಿಸಲು ಒಂದು ಉಪಾಯವಿದೆ. ಬೇರೆ ಕೋಶಗಳು ಬದುಕುತ್ತಿದ್ದ ಬಟ್ಟಲಿನ ನೀರನ್ನು ಸೋಸಿ ಅದಕ್ಕೆ ಹಾಕಬೇಕು. ಆ ನೀರಿನಲ್ಲಿ ಒಂದು ಕೋಶವೂ ಇರುವುದಿಲ್ಲ, ಅವು ಬದುಕುವಾಗ ಹೊರಗೆ ಬಿಟ್ಟದ್ದು ಮಾತ್ರ ಇರುತ್ತದೆ. ಅಷ್ಟರಿಂದಲೇ ಒಂಟಿ ಕೋಶ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಎಲ್ಲಿದ್ದೆ? ಹೌದು, ಪಂಢರಿನಾಥರು. ಕಳೆದ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಸುಮಾರಿಗೆ, ಒಂದು ಶನಿವಾರ ಅವರು ಬರಲಿಲ್ಲ. ತಿಳಿಸದೆ ತಪ್ಪಿಸುವವರಲ್ಲ. ದೋಸೆ ತರಿಸದೆ ಕಾದೆ, ಆಮೇಲೆ ಫೋನು ಮಾಡಿದೆ. ಅವರ ಮಗಳು ಎತ್ತಿದಳು. ಮದ್ರಾಸಿನ ಶಾಲೆಯಲ್ಲಿ ಬೆಳೆದ ಹುಡುಗಿ, ತಮಿಳಿನಲ್ಲೇ ಹೇಳಿದಳು, ಅಪ್ಪ ಮಂಗಳವಾರ ಹೋಗಿಬಿಟ್ಟರು ಎಂದು. ಹೃದಯಾಘಾತವಂತೆ. ಬಹಳ ಸಭ್ಯವಾಗಿ ಮಾತನಾಡಿದಳು. ಕೊನೆಗೆ ಕೇಳಿದಳು: “ನೀಂಗ ಯಾರು?”

ನೀವು ಯಾರು? ಸಭಿಕರೇ, ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕಿತ್ತು? ನಂಟರಲ್ಲ. ಒಂದೇ ಕಾಲೇಜಿನವರಲ್ಲ. ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಅವರ ಯಾವ ಪ್ರಯೋಗ ಯಾವ ಮಳೆಗಾಲದಲ್ಲಿ ಕೆಟ್ಟಿತೆಂದು ಕೇಳಿದ್ದರೆ ಹೇಳುತ್ತಿದ್ದೆ. ಅವರಿಗೆ ಎದೆನೋವು ಇತ್ತೆಂಬುದು ನನಗೆ ಗೊತ್ತಿರಲಿಲ್ಲ. ಕಾಲೇಜಿನ ಕಡೆಯವಳು ಎಂದು ಹೇಳಿ ಫೋನು ಇಟ್ಟೆ. ಮಂಗಳವಾರದಿಂದ ಶನಿವಾರದವರೆಗೆ ನಾನು ಅವರಿಗೆ ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೂ ನಾನು ಹೋಟೆಲಿಗೆ ಹೋಗುತ್ತಲೇ ಇದ್ದೆ. ಒಂದು ದಿನ ವಿಷ್ಣುಮೂರ್ತಿಯವರು ಹತ್ತಿರ ಬಂದು, “ಮೇಡಂ, ಒಬ್ರೇ ಆದ್ರೆ ಆಚೆ ಸಣ್ಣ ಟೇಬಲ್ ಉಂಟು” ಎಂದರು. ಶನಿವಾರದ ನೂಕುನುಗ್ಗಲಿನಲ್ಲಿ ಒಬ್ಬಳಿಗೆ ನಾಲ್ಕು ಜನರ ಟೇಬಲ್ ಕೊಟ್ಟರೆ ವ್ಯಾಪಾರ ನಡೆಯುತ್ತದೆಯೇ? ತಪ್ಪು ತಿಳಿಯಬೇಡಿ ವಿಷ್ಣುಮೂರ್ತಿಯವರೇ, ನೀವು ಹೇಳಿದ್ದು ನ್ಯಾಯ. ಆ ಸಣ್ಣ ಟೇಬಲ್ ಕೈ ತೊಳೆಯುವ ಜಾಗದ ಪಕ್ಕದಲ್ಲಿದೆ, ಕೂತರೆ ಎದುರಿಗೆ ಗೋಡೆ. ಅಲ್ಲಿ ಕೂತು ನಾನು ದೋಸೆ ತಿನ್ನುತ್ತೇನೆ. ಕೆಟ್ಟದ್ದನ್ನು ಗೋಡೆಗೆ ಹೇಳಿದ್ದೂ ಉಂಟು, ಮನಸ್ಸಿನಲ್ಲೇ. ಗೋಡೆ ಅಯ್ಯೋ ಪಾಪ ಎನ್ನುವುದಿಲ್ಲ, ಅಷ್ಟರ ಮಟ್ಟಿಗೆ ನಿಯಮ ಪಾಲಿಸುತ್ತದೆ.

ಸಿದ್ಧಲಿಂಗೇಶ್ ಅವರು ಕೈಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಸಾಧನೆಯ ಬಗ್ಗೆ ಮಾತನಾಡಿ ಎಂದು ನೀವು ಕರೆದಿರಿ. ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ಒಬ್ಬಳೇ ತಿನ್ನಲಾಗದಷ್ಟು ಹಣ್ಣಿದೆ. ನಿಮ್ಮ ಪ್ರೀತಿಗೆ ನಾನು ಋಣಿ. ಆದರೆ ಶನಿವಾರ ನಾನು ಕೆಟ್ಟದ್ದನ್ನೇ ಮೊದಲು ಹೇಳಬೇಕು, ಅದು ನಿಯಮ.

ಈ ವಾರ ನನ್ನ ಒಂಟಿ ಕೋಶಗಳೆಲ್ಲ ಸತ್ತವು. ನಿವೃತ್ತಳಾದ ಮೇಲೆ ನನಗೊಂದು ಮೂಲೆ ಬಿಟ್ಟುಕೊಟ್ಟಿರುವ ಪ್ರಯೋಗಾಲಯದಲ್ಲಿ, ಬುಧವಾರ ಬೆಳಿಗ್ಗೆ ನೋಡಿದರೆ ಒಂದೂ ಉಳಿದಿರಲಿಲ್ಲ. ಬೇರೆ ಕೋಶಗಳು ಬದುಕಿದ್ದ ನೀರನ್ನೇ ಕೊಟ್ಟಿದ್ದೆ. ಆದರೆ ಅದು ಹಳೆಯ ನೀರು, ಆಡಿಗೂ ಮುಂಚೆ ತೆಗೆದು ಫ್ರಿಜ್ಜಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದು. ಎಸೆಯಲು ಮನಸ್ಸಾಗಿರಲಿಲ್ಲ. ಅದರಲ್ಲಿ ಸತ್ವ ಉಳಿದಿರಲಿಲ್ಲ. ಇದನ್ನು ಬುಧವಾರದಿಂದ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು ಹೇಳುತ್ತಿದ್ದೇನೆ.

ವೇದಿಕೆ ಹತ್ತುವ ಮುಂಚೆ ವಿಷ್ಣುಮೂರ್ತಿಯವರನ್ನು ಒಂದು ಮಾತು ಕೇಳಿದೆ. ಇಬ್ಬರಾದರೆ ಕಿಟಕಿಯ ಟೇಬಲ್ ಕೊಡುತ್ತಾರಂತೆ. ಬರುವವರು ವಿಜ್ಞಾನ ಓದಿರಬೇಕಿಲ್ಲ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ಆ ವಾರ ಏನಾದರೂ ಕೆಟ್ಟಿದ್ದರೆ ಸಾಕು, ಕೆಟ್ಟೇ ಇರುತ್ತದೆ. ಮಾತುಕತೆ ಮುಂದುವರಿಯುತ್ತದೆಯೇ ಎಂಬ ಸಿದ್ಧಲಿಂಗೇಶ್ ಅವರ ಪ್ರಶ್ನೆಗೆ ಉತ್ತರ ನನ್ನೊಬ್ಬಳ ಕೈಯಲ್ಲಿಲ್ಲ.

ಇಷ್ಟು ಹೊತ್ತು ಕೇಳಿದಿರಿ, ಎಲ್ಲರಿಗೂ ವಂದನೆಗಳು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ, ಕೆಟ್ಟದ್ದನ್ನು ಹೇಳಿದಾಗ ತಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಊಟಕ್ಕೆ ಹೋಗುವಾಗ ನಾನು ಈ ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿರುತ್ತೇನೆ. ಯಾರಾದರೂ ಒಬ್ಬರು ಬಂದು ತಮಿಳಿನ ಆ ಒಂದು ಮಾತು ಕೇಳಿ. ಉತ್ತರ ಬುಧವಾರದಿಂದ ನನ್ನ ಬಾಯಲ್ಲೇ ಇದೆ.

ನಮಸ್ಕಾರ.