ಎಳನೀರಲ್ಲಿ ಕಲಸಿದ ಪುಡಿ

ಸಮೋವಾದ ಸಣ್ಣ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದ ಪೆಪೆಗೆ ಪಕ್ಕದ ಅಕ್ಕ-ತಮ್ಮನ ಮಾತು ಕೇಳಿಸುತ್ತಿತ್ತು. ಅಕ್ಕನ ಮಡಿಲಲ್ಲಿ ಭೇದಿಯಿಂದ ಬಾಡಿದ ಮಗು.

“ನರ್ಸ್ ಕೊಟ್ಟ ಆ ಉಪ್ಪು-ಸಕ್ಕರೆ ಪುಡೀನ ನೀರಲ್ಲಿ ಕಲಸೋಕೆ ಏನಾಗಿತ್ತೋ, ಸೊಲೋಮೋನಾ?”

“ಕಾಯಿಲೆ ಮಗೂಗೆ ಎಳನೀರು ಬಿಟ್ಟು ಬರೀ ನೀರು ಕೊಡೋದು ಹೇಗಕ್ಕಾ ಅಂತ...”

“ಜೀವಕೋಶದ ಪಾಠ ಮಾಡೋ ಮೇಷ್ಟ್ರು ಬೇರೆ!”

“ಎಳನೀರಲ್ಲೂ ಉಪ್ಪು, ಸಕ್ಕರೆ ಇರುತ್ತೆ. ಪುಡೀನೂ ಸೇರಿ ಅತಿಯಾದ್ರೆ ನೀರು ಕೋಶದ ಪೊರೆ ದಾಟಿ ಆ ಕಡೆಗೇ ಹರಿಯುತ್ತೆ. ಮಗು ಮೈಯಲ್ಲಿದ್ದ ನೀರನ್ನ ಕರುಳಿಗೆ ಎಳೆದೋನು ನಾನೇ.”

“ನರ್ಸ್‌ಗೂ ಹಾಗೇ ಹೇಳು.”

“ಅವಳು ನನ್ನ ಶಿಷ್ಯೆ. ನೀರಲ್ಲೇ ಕಲಸಿದ್ವಿ ಅನ್ನೋಣ, ಅಕ್ಕಾ.”

“ನಿನ್ನ ಮಾನಕ್ಕೆ ನನ್ನ ಮಗು ಬಲಿನಾ?”

ಬಾಗಿಲು ತೆರೆದು ನರ್ಸ್ ಇಣುಕಿದಳು. “ಮೇಷ್ಟ್ರೇ, ಬನ್ನಿ. ಪುಡಿ ಸರಿಯಾಗಿ ಕಲಸಿದ್ರಿ ತಾನೇ?”

ಸೊಲೋಮೋನಾ ತಲೆಯೆತ್ತಲಿಲ್ಲ. “ಎಳನೀರಲ್ಲಿ ಕಲಸಿದೆ, ತಾಯಿ,” ಎನ್ನುತ್ತ ಮಗುವನ್ನೆತ್ತಿಕೊಂಡು ಒಳಗೆ ಹೋದ.