ಪೆನ್ನಿಗೆ ಸುತ್ತಿದ ನಾಲ್ಕು ಮೀಟರ್ ಟೇಪು

ನನ್ನ ಹೆಸರು ಯಜ್ಞನಾರಾಯಣ. ವಯಸ್ಸು 56. ಪಾಲಾರಿವಟ್ಟಂನ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಸ್ಟೋರ್ ಸಹಾಯಕ. ಹುಟ್ಟಿದ ಊರು ಕಾಸರಗೋಡಿನ ಬದಿಯಡ್ಕ. ಈಗ ವಾಸ ಕೇಂದ್ರದಿಂದ 700 ಮೀಟರ್ ದೂರದ ಬಾಡಿಗೆ ಕೋಣೆಯಲ್ಲಿ. ನನಗೆ ಮಲಯಾಳ ಬರುತ್ತದೆ. ಆದರೂ ಈ ಮಾತನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆಂದು ಕೇಳಿಕೊಂಡದ್ದರಿಂದ, ನಮ್ಮ ಕಡೆಯವರೇ ಆದ ಪೊಲೀಸ್ ಸಚಿನ್ ಬರೆದುಕೊಳ್ಳುತ್ತಿದ್ದಾರೆ. ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಮ್ಮ ಕೇಂದ್ರದಲ್ಲಿ ಒಂದು ಬಗೆಯ ಟೇಪು ತಯಾರಿಸುತ್ತಾರೆ. ಅಗಲ 4 ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ವಿಪರೀತ ತಣ್ಣಗೆ ಮಾಡಿದರೆ ಅದು ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುತ್ತದೆ. ನೋಡಿದರೆ ಎರಡು ಕಡೆಯೂ ತಾಮ್ರ. ವಿದ್ಯುತ್ ಹರಿಯುವುದು ಮಾತ್ರ ಒಳಗಿನ ಕಪ್ಪು ಪದರದಲ್ಲಿ. ಆ ಪದರ ಪಿಂಗಾಣಿಯ ಜಾತಿಯದು, ಕೂದಲಿಗಿಂತ ಎಷ್ಟೋ ತೆಳು.

18-06-2025ರಂದು ಬೆಳಿಗ್ಗೆ 6.10ಕ್ಕೆ ಸಂಶೋಧನಾ ವಿದ್ಯಾರ್ಥಿನಿ, ನಮ್ಮ ಕಡೆಯವಳೇ ಆದ ಗೌರಿ ನನಗೆ 4 ಮೀಟರ್ ಟೇಪು ಕೊಟ್ಟಳು. ತಿರುವನಂತಪುರದ ಪರೀಕ್ಷಾ ಪ್ರಯೋಗಾಲಯಕ್ಕೆ ತಲುಪಿಸಬೇಕಿತ್ತು. ಟೇಪು 30 ಸೆಂಟಿಮೀಟರ್ ವ್ಯಾಸದ ರೀಲಿನ ಮೇಲಿತ್ತು, ರೀಲು ಪೆಟ್ಟಿಗೆಯಲ್ಲಿತ್ತು. ಯಜ್ಞಣ್ಣ, ತಾಮ್ರ ಬಗ್ಗುತ್ತದೆ, ಒಳಗಿನದ್ದು ಬಗ್ಗುವುದಿಲ್ಲ, ರೀಲಿನಿಂದ ಮಾತ್ರ ತೆಗೆಯಬೇಡಿ ಮಾರಾಯ್ರೇ ಎಂದಳು. ಆಯ್ತು ಮಗಾ, ಇದೇನು ನನಗೆ ಮೊದಲ ಸಲವಾ ಎಂದೆ. ಅದು ಆ ವಾರದ ನನ್ನ ಮೂರನೇ ಪ್ರಯಾಣ.

ಎರ್ನಾಕುಳಂನಿಂದ ರೈಲು 7.05ಕ್ಕೆ ಹೊರಟಿತು. ಪೆಟ್ಟಿಗೆ ನನ್ನ ಪಕ್ಕದ ಅರ್ಧ ಸೀಟು ಹಿಡಿದಿತ್ತು. ಕೋಟ್ಟಯಂನಲ್ಲಿ ಆಸ್ಪತ್ರೆಯ ಫೈಲು ಹಿಡಿದ ಒಬ್ಬರು ಹೆಂಗಸು ಹತ್ತಿದರು. ಹತ್ತು ನಿಮಿಷ ನಿಂತೇ ಇದ್ದರು. ಆಮೇಲೆ, ಚೇಟ್ಟಾ, ಪೆಟ್ಟಿಗೆಗೂ ಟಿಕೆಟ್ ತೆಗೆದಿದ್ದೀರಾ ಎಂದು ಕೇಳಿದರು. ಸುತ್ತಲಿನವರು ನಕ್ಕರು. ಪೆಟ್ಟಿಗೆಯನ್ನು ಮೇಲೆ ಚೀಲಗಳ ನಡುವೆ ತುರುಕಿದರೆ ಟೇಪಿಗೆ ಏಟಾದೀತು ಎಂದು ಹೆದರಿದೆ. 8.35ಕ್ಕೆ ನಾನು, ಈ ಎರಡೇ ಕೈಗಳಿಂದ, ಟೇಪನ್ನು ರೀಲಿನಿಂದ ಬಿಚ್ಚಿ ನನ್ನ ಜೇಬಿನ ಪೆನ್ನಿಗೆ ಸುತ್ತಿದೆ. ಪೆನ್ನಿನ ದಪ್ಪ 10 ಮಿಲಿಮೀಟರ್; ಟೇಪಿನ ಕೊನೆಯ ಭಾಗ ಒಳಗೆ ಸಣ್ಣ ಸುತ್ತಾಗಿ, ಮೊದಲ ಭಾಗ ಹೊರಗೆ ದೊಡ್ಡ ಸುತ್ತಾಗಿ ಬಂತು. ಸುರುಳಿಯನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯ ಖಾಲಿ ಬಟ್ಟಲಲ್ಲಿಟ್ಟು, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಹಿಂದೆ ಹನ್ನೊಂದು ವರ್ಷ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದವನು ನಾನು. ತಾಮ್ರ ಸುತ್ತಿದರೆ ಸುತ್ತಿಕೊಳ್ಳುತ್ತದೆ, ಬಿಚ್ಚಿದರೆ ನೆಟ್ಟಗಾಗುತ್ತದೆ. ಅಷ್ಟೇ ನನಗೆ ಗೊತ್ತಿದ್ದದ್ದು. ಖಾಲಿ ರೀಲಿದ್ದ ಪೆಟ್ಟಿಗೆಯನ್ನು ಮೇಲೆ ತುರುಕಿದೆ, ಆ ಹೆಂಗಸು ಕುಳಿತರು. ನನಗೂ ಕಣ್ಣು ಹತ್ತಿತು.

ಕೊಲ್ಲಂ ದಾಟಿದ ಮೇಲೆ, 10.25ಕ್ಕೆ, ಟೇಪನ್ನು ಮತ್ತೆ ರೀಲಿಗೆ ಸುತ್ತಿದೆ. ಎಲ್ಲಿಯೂ ಮಡಿಕೆ ಬಿದ್ದಿರಲಿಲ್ಲ. ಮಧ್ಯಾಹ್ನ 12.20ಕ್ಕೆ ಪ್ರಯೋಗಾಲಯದ ಅಧಿಕಾರಿ ಮಂದಾಕಿನಿಯವರ ಕೈಗೆ ಕೊಟ್ಟೆ. ಅವರ ರಸೀದಿಯಲ್ಲಿ, ದಾರಿಯಲ್ಲಿ ರೀಲಿನಿಂದ ತೆಗೆದಿಲ್ಲ ಎಂಬ ಸಾಲಿನ ಕೆಳಗೆ ಅದೇ ಪೆನ್ನಿನಿಂದ ಸಹಿ ಹಾಕಿದೆ.

20ರಂದು ಪರೀಕ್ಷೆ ನಡೆಯಿತು. ಮೊದಲ ಎರಡು ಮೀಟರಿನಲ್ಲಿ 118 ಆಂಪಿಯರ್ ಹರಿಯಿತಂತೆ. ಕೊನೆಯ ಎರಡು ಮೀಟರಿನಲ್ಲಿ 6 ಕೂಡ ಇಲ್ಲ. ನಮ್ಮ ಮುಖ್ಯಸ್ಥ ಡಾ. ದೇವದಾಸರು, ಗೌರಿ ಒಳ್ಳೆಯ ಟೇಪನ್ನು ಬೇರೆ ಸಂಸ್ಥೆಗೆ ಕೊಟ್ಟು ಕಸ ಕಳಿಸಿದ್ದಾಳೆ ಎಂದು 23ರಂದು ಇದೇ ಠಾಣೆಯಲ್ಲಿ ದೂರು ಕೊಟ್ಟರು. ಅವಳ ಸಂಶೋಧನೆಯ ನೋಂದಣಿಯನ್ನು ತಡೆಹಿಡಿದರು. 24ರಂದು ಪೊಲೀಸರು ಅವಳ ಹಾಸ್ಟೆಲ್ ಕೋಣೆಯನ್ನು ಶೋಧಿಸಿದರು. ಅವಳ ಪುಸ್ತಕಗಳು ವರಾಂಡದಲ್ಲಿ ಬಿದ್ದಿದ್ದವು. ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ನೋಡಿದೆ. ಚಹಾ ಮುಗಿಸಿ, ದುಡ್ಡು ಕೊಟ್ಟು ಕೆಲಸಕ್ಕೆ ಹೋದೆ.

28ರಂದು ಮಂದಾಕಿನಿಯವರ ವರದಿ ಬಂತು. ತಾಮ್ರ ಹೊದಿಸುವ ಮೊದಲು ಗೌರಿ ಕಪ್ಪು ಪದರದ ಸೂಕ್ಷ್ಮದರ್ಶಕ ಚಿತ್ರಗಳನ್ನು ಹತ್ತು ಸೆಂಟಿಮೀಟರಿಗೊಂದರಂತೆ ತೆಗೆದಿಟ್ಟಿದ್ದಳು. ಈಗ ತಾಮ್ರ ಕರಗಿಸಿ ನೋಡಿದರೆ ಅದೇ ಜಾಗದಲ್ಲಿ ಅವೇ ಹರಳುಗಳು, ಓರೆಯಾಗಿ ಬೆಳೆದವು ಕೂಡ ಹಾಗೆಯೇ ಇದ್ದವು. ಟೇಪು ಬದಲಾಗಿಲ್ಲ. ಆದರೆ ಹರಳುಗಳನ್ನು ಸೀಳಿಕೊಂಡು ಅಡ್ಡ ಬಿರುಕುಗಳಿದ್ದವು, ಕೊನೆಗೆ ಹೋದಷ್ಟೂ ದಟ್ಟವಾಗಿ. ಕಪ್ಪು ಪದರ ಹೊರಮೈಗೆ ಬರುವಂತೆ ಟೇಪನ್ನು ಯಾವುದೋ ಸಣ್ಣ ಕೋಲಿಗೆ ಸುತ್ತಿದ್ದಾರೆ, ಎಳೆತಕ್ಕೆ ಪದರ ಒಡೆದಿದೆ ಎಂದು ವರದಿಯಲ್ಲಿತ್ತು. ಹಾಗಾದರೆ ಕಳಿಸುವ ಮೊದಲು ಅವಳೇ ಸುತ್ತಿ ಹಾಳು ಮಾಡಿದ್ದಾಳೆ, ನನ್ನ ಹೆಸರು ಕೆಡಿಸಲಿಕ್ಕೆ ಎಂದರು ದೇವದಾಸರು.

29ರಂದು ಸಂಜೆ 5.40ಕ್ಕೆ ಮಂದಾಕಿನಿಯವರು ಫೋನ್ ಮಾಡಿ, ಚೇಟ್ಟಾ, ದಾರಿಯಲ್ಲಿ ಏನಾದರೂ ಆಯಿತಾ ಎಂದು ಕೇಳಿದರು. ಇಲ್ಲ ಎಂದೆ. ಫೋನ್ ಇಟ್ಟು ಜೇಬಿನಿಂದ ಆ ಪೆನ್ನು ತೆಗೆದಿಟ್ಟೆ.

ಇಂದು ಎಸ್‌ಐ ಮನೋಜ್ ಅವರು ನನ್ನ ಮಾತು ಕೇಳಿ, ತುಂಡಾಗಿಲ್ಲ, ಸುಟ್ಟಿಲ್ಲ, ಕಳೆದುಹೋಗಿಲ್ಲ, ಹಾಗಾದರೆ ನೀವು ಮಾಡಿದ ಅಪರಾಧವಾದರೂ ಏನು, ಪೆನ್ನಿಗೆ ಸುತ್ತಿದ್ದಕ್ಕೆ ನನ್ನ ಬಳಿ ಯಾವ ಸೆಕ್ಷನ್ನೂ ಇಲ್ಲ ಎಂದರು. ಸೆಕ್ಷನ್ ನೀವು ಹುಡುಕಿಕೊಳ್ಳಿ ಸಾರ್, ಹೆಸರು ನನ್ನದು ಬರೆಯಿರಿ ಎಂದೆ. ಕೆಲಸ ಹೋಗುತ್ತದೆ, ಗೊತ್ತುಂಟಲ್ಲ ಎಂದು ಸಚಿನ್ ಬರೆಯುವುದನ್ನು ನಿಲ್ಲಿಸಿ ಕೇಳಿದರು. ಗೊತ್ತುಂಟು, ನೀವು ಬರೆಯಿರಿ ಎಂದೆ.

ವಿಚಾರಣೆಗೆ ಕರೆಸಿದ್ದರಿಂದ ಗೌರಿ ಬೆಳಿಗ್ಗೆ 10ರಿಂದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ನಾನು ಒಳಗೆ ಬರುವಾಗ, ಯಜ್ಞಣ್ಣ, ನಿಮ್ಮನ್ನೂ ಕರೆಸಿದರಾ, ಪಾಪ ಎಂದಳು.

ಬರೆದದ್ದನ್ನು ಓದಿ ಹೇಳುವುದು ನಿಯಮವೆಂದು ಸಚಿನ್ ಕಾಗದ ಎತ್ತಿಕೊಂಡರು. ನಾನೇ ಓದುತ್ತೇನೆ, ಆ ಬಾಗಿಲು ತೆರೆದಿರಲಿ ಎಂದು ಕೇಳಿಕೊಂಡೆ. ಎಸ್‌ಐ ಅವರು ಎದ್ದು ತಾವೇ ಬಾಗಿಲು ತೆರೆದರು.

ಮೇಲಿನದೆಲ್ಲ ನಡೆದದ್ದು ನಡೆದ ಹಾಗೆ. ಯಾರ ಒತ್ತಾಯವೂ ಇಲ್ಲ. ಬೆಂಚಿನವರೆಗೆ ಕೇಳುವಷ್ಟು ಗಟ್ಟಿಯಾಗಿ, ಮೊದಲಿಂದ ಕೊನೆಯವರೆಗೆ ನಾನೇ ಓದಿ ಸಹಿ ಮಾಡಿದ್ದೇನೆ.

ಸ್ಥಳ: ಪಾಲಾರಿವಟ್ಟಂ
ದಿನಾಂಕ: 30-06-2025, ಮಧ್ಯಾಹ್ನ 1.15
(ಸಹಿ) ಯಜ್ಞನಾರಾಯಣ